ಕೆಂಚಮ್ಮತ್ತೆಯ ಕೂಗು

2023ರ ನವೆಂಬರ್ 17, ಶುಕ್ರವಾರ, ಬೆಳಗ್ಗೆ ಹನ್ನೊಂದೂವರೆ. ರಾಮನಗರದ ಒಂದು ನರ್ಸಿಂಗ್ ಹೋಮ್. ದೆವ್ವಕ್ಕೆ ಕತ್ತಲೆಯೇ ಬೇಕು ಅನ್ನುವವರು ಈ ಹೊತ್ತನ್ನು ನೆನಪಿಟ್ಟುಕೊಳ್ಳಿ.

ಆದರೆ ಹಿಂದಿನ ರಾತ್ರಿಯಿಂದ ಹೇಳಬೇಕು.

ರಕ್ತಪರೀಕ್ಷೆ, ಇಸಿಜಿ ಎಲ್ಲ ಮುಗಿಸಿ ಕೊನೆಯ ಬಸ್ಸಿನಲ್ಲಿ ನಮ್ಮೂರು ಬೈರಾಪಟ್ಟಣಕ್ಕೆ ಬಂದಿಳಿದೆವು. ನಾನು, ನನ್ನ ಚಿಕ್ಕಪ್ಪ ಬೈರಪ್ಪ, ಅವನ ಮಗಳು ಭಾನುಪ್ರಿಯ. ಭಾನುಗೆ ಪಿತ್ತಕೋಶದಲ್ಲಿ ಕಲ್ಲು. ಮಾರನೆಯ ದಿನ ಆಪರೇಷನ್. ಪೂರ್ತಿ ಅರಿವಳಿಕೆ ಕೊಟ್ಟು, ಉಸಿರಿಗೆ ಗಂಟಲೊಳಗೆ ಟ್ಯೂಬ್ ಇಳಿಸಿ ಮಾಡುವಂಥದ್ದು.

ಅವಳಿಗೆ ಹೆದರಿಕೆ ಇದ್ದದ್ದು ಹೊಟ್ಟೆಯದಲ್ಲ, ಗಂಟಲಿನದು. ಮಾತಾಡಲು ಹೊರಟರೆ ಅವಳ ಧ್ವನಿತಂತುಗಳು ಬಿಗಿದುಕೊಳ್ಳುತ್ತವೆ. ಮಾತು ಅರ್ಧಕ್ಕೆ ತುಂಡಾಗುತ್ತದೆ. ಪಿಸುಗುಟ್ಟಿದರೆ ಮಾತ್ರ ಸರಾಗ. ಇದೊಂದು ಕಾಯಿಲೆ, ಇದಕ್ಕೊಂದು ಹೆಸರಿದೆ. ಊರಿನವರು ಬೇರೆ ಹೆಸರಿಟ್ಟಿದ್ದಾರೆ. ಹಿಂದೊಮ್ಮೆ ಗಂಟಲಿಗೆ ನಳಿಗೆ ಇಳಿಸಿ ನೋಡುವಾಗ ಉಸಿರೇ ಕಟ್ಟಿತ್ತು. ಅದಕ್ಕೇ ಅವಳ ಗಂಟಲಿನ ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು: ಸಣ್ಣ ಟ್ಯೂಬ್ ಹಾಕಿ. ಪೂರ್ತಿ ಎಚ್ಚರವಾಗುವ ತನಕ ತೆಗೆಯಬೇಡಿ. ಮುಂಚೆ ತೆಗೆದರೆ ಗಂಟಲು ಮುಚ್ಚಿಕೊಳ್ಳಬಹುದು.

ಊರಿಗೆ ಹೋಗುವ ದಾರಿಯಲ್ಲಿ ಆಲದ ಮರ, ಅದರ ಬುಡದಲ್ಲಿ ಹಳೆಯ ಬಾವಿ. ಅಲ್ಲಿ ಚಿಕ್ಕಪ್ಪ ರಸ್ತೆ ದಾಟಿ ಆಚೆ ಬದಿಗೆ ಹೋದ. ಹತ್ತೊಂಬತ್ತು ವರ್ಷದಿಂದ ಹಾಗೇ ಹೋಗುತ್ತಾನೆ.

ಕೀರ್...

ಬಾವಿಯ ರಾಟೆ ಒಂದು ಸುತ್ತು ತಿರುಗಿತು.

ಕೀರ್...

ಇನ್ನೊಂದು ಸುತ್ತು. ಆಮೇಲೆ ನಿಂತಿತು. ಆ ರಾಟೆಗೆ ಹಗ್ಗ ಇಲ್ಲ. ಗಾಳಿಯೂ ಇರಲಿಲ್ಲ.

“ಅತ್ತೆ ಕಣೋ,” ಅಂತ ಪಿಸುಗುಟ್ಟಿದಳು ಭಾನು.

“ಬಾಯ್ಮುಚ್ಕೊಂಡ್ ನಡೀಯಮ್ಮಿ,” ಅಂದ ಚಿಕ್ಕಪ್ಪ, ಆಚೆ ಬದಿಯಿಂದ.

ಅತ್ತೆ ಅಂದರೆ ಕೆಂಚಮ್ಮ. ಚಿಕ್ಕಪ್ಪನ ಅಕ್ಕ. ಅವಳಿಗೂ ಇದೇ ಗಂಟಲು. ‘ದೆವ್ವದ ಗಂಟಲು’ ಅಂತ 2004ರಲ್ಲಿ ಗಂಡನ ಮನೆಯವರು ಹೊರಗೆ ಹಾಕಿದರು. ರಾತ್ರಿ ಒಬ್ಬಳೇ ನಡೆದುಕೊಂಡು ತವರಿಗೆ ಬಂದಳು. ಬಾಗಿಲ ಮುಂದೆ ನಿಂತು ತಮ್ಮನನ್ನು ಕೂಗಿದಳು. ನಮ್ಮ ಕಡೆ ರಾತ್ರಿ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೂರನೇ ಸಲದ ತನಕ ಓಗೊಡುವುದಿಲ್ಲ. ದೆವ್ವ ಎರಡೇ ಸಲ ಕೂಗುತ್ತದಂತೆ. ಅತ್ತೆ ಎರಡು ಸಲ ಕೂಗಿದಳು. ಮೂರನೆಯದಕ್ಕೆ ಗಂಟಲು ಬಿಗಿಯಿತು. ಬಾಗಿಲ ಸಂದಿಯಲ್ಲಿ ಬರೀ ಹಕ್... ಹಕ್... ಅನ್ನುವ ಸದ್ದು.

ನನಗಾಗ ಆರು ವರ್ಷ. ಕಂಬಳಿಯೊಳಗೆ ಎಚ್ಚರವಾಗಿದ್ದೆ. ಎಲ್ಲರೂ ಎಚ್ಚರವಾಗಿದ್ದರು. ಯಾರ ಗಂಟಲು ಅಂತ ಎಲ್ಲರಿಗೂ ಗೊತ್ತಿತ್ತು. ಯಾರೂ ಚಿಲಕ ತೆಗೆಯಲಿಲ್ಲ. ಬೆಳಗ್ಗೆ ಅವಳು ಬಾವಿಯಲ್ಲಿ ಸಿಕ್ಕಳು.

ದೆವ್ವ ಅಂತ ಹೆದರಿದೆವು ಅನ್ನುತ್ತಾರೆ. ಸುಳ್ಳು. ಗಂಡ ಬಿಟ್ಟವಳನ್ನು ಒಳಗೆ ಕರೆದುಕೊಳ್ಳಲು ಹೆದರಿದರು.

ಇನ್ನು ಶುಕ್ರವಾರ.

ಭಾನುಗೆ ಮರಳವಾಡಿಯಲ್ಲಿ ಗಂಡು ಗೊತ್ತು ಮಾಡಿದ್ದರು. ಅವರು ನೋಡಲು ಬಂದಾಗ ಧ್ವನಿ ಯಾಕೆ ಹೀಗೆ ಅಂದರೆ ಚಿಕ್ಕಪ್ಪ “ಶೀತ ಆಗೈತೆ” ಅಂದಿದ್ದ. ಅರಿವಳಿಕೆ ಡಾಕ್ಟರು ಗುರುವಾರ ಕೇಳಿದಾಗಲೂ ಅವಳಿಗೆ ಬಾಯಿ ತೆರೆಯಲು ಬಿಡದೆ ಅದನ್ನೇ ಅಂದ. ಫೈಲ್ ಅವನ ಕೈಯಲ್ಲೇ ಇತ್ತು. ಹಾಗಾಗಿ ಬೆಳಗ್ಗೆ ಭಾನು ಚೀಟಿಯನ್ನು ಅವನಿಗೇ ಕೊಟ್ಟಳು.

“ಡಾಕ್ಟ್ರಿಗೆ ಕೊಡಪ್ಪ. ಮರೀಬ್ಯಾಡ.”

ಆಮೇಲೆ ನನ್ನ ಕಡೆ ತಿರುಗಿದಳು. “ಮನು, ಎದ್ದು ಬಂದ್ರೆ ಆ ಗಂಡು ಬ್ಯಾಡ ಅಂತೀನಿ. ಬರೆದಿಟ್ಕೊ.”

“ಬಾಯ್ಬಿಟ್ಟೇ ಅಂತೀಯಾ?”

“ಅರ್ಧಕ್ಕೆ ನಿಂತ್ರೆ ಮಿಕ್ಕಿದ್ದು ನೀನೇಳು.”

ಹತ್ತು ಇಪ್ಪತ್ತಕ್ಕೆ ಅವಳನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು. ನಾವು ಎದುರಿನ ಬೆಂಚಿನಲ್ಲಿ ಕೂತೆವು. ಒಂದು ಗಂಟೆ ಕಳೆದ ಮೇಲೆ ನನ್ನ ಕಣ್ಣಿಗೆ ಬಿತ್ತು... ಚಿಕ್ಕಪ್ಪನ ಅಂಗಿ ಜೇಬಿನಿಂದ ಇಣುಕುತ್ತಿದ್ದ ಕಾಗದದ ತುದಿ.

“ಚೀಟಿ ಕೊಡ್ಲಿಲ್ವಾ?”

“ಮೆಲ್ಲುಗ್ ಮಾತಾಡ್ಲಾ. ಆ ಕೌಂಟರ್ ನರ್ಸು ಚೈತ್ರಾ ಅಂತ, ಮರಳವಾಡಿಯೋಳು. ಗಂಡಿನ ಕಡೇರ್ಗೆ ಹತ್ರದೋಳು.”

“ಅದಕ್ಕೆ?”

“ಫೈಲ್ಗೆ ಸೇರುದ್ರೆ ಸಂಜೆಗೆ ಮರಳವಾಡಿಗೆ ಮುಟ್ತದೆ. ಒಸಿ ತಡ್ಕೊ.”

“ಉಸಿರು ಕಟ್ಟಿದ್ರೆ?”

“ಊರೋರ್ಗೆಲ್ಲ ಆಪರೇಷನ್ ಮಾಡ್ತಾರೆ. ಎಲ್ರ ಉಸಿರೂ ಕಟ್ತದಾ?”

ಜೇಬಿಗೆ ಕೈ ಹಾಕಿದೆ. ಅವನು ಅಂಗೈಯಿಂದ ಅದುಮಿ ಹಿಡಿದ. ಎದ್ದು ಬಾಗಿಲ ಕಡೆ ಹೊರಟೆ. ಮುಂಗೈ ಹಿಡಿದು ಎಳೆದು ಕೂರಿಸಿದ. ಉಗುರು ಚರ್ಮಕ್ಕೆ ಇಳಿಯಿತು.

ಆಗ ಕೇಳಿಸಿತು. ಆಪರೇಷನ್ ಬಾಗಿಲ ಒಳಗಿನಿಂದ. ಒದ್ದೆ ಬಟ್ಟೆ ಹರಿದ ಹಾಗೆ...

“ಬೈ... ರಾ...”

ಅವನ ಹಿಡಿತ ಇನ್ನೂ ಬಿಗಿಯಾಯಿತು. ಭಾನು ಯಾವತ್ತೂ ಅಪ್ಪನನ್ನು ಹೆಸರು ಹಿಡಿದು ಕರೆದವಳಲ್ಲ.

“ಕೇಳುಸ್ತಾ?” ಅಂದೆ.

ಒಳಗೆ ಮಾನಿಟರಿನ ಸದ್ದು. ಟುಂಯ್... ಟುಂಯ್...

“ಬೈ... ರಾ...”

ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡು ಕೂತಿದ್ದ. ಆ ರಾತ್ರಿಯೂ ಹೀಗೇ ಮಲಗಿದ್ದಿರಬೇಕು. ಎರಡು ಎಣಿಸಿ, ಮೂರನೆಯದು ಬರದಿದ್ದರೆ ಸಾಕು ಅಂತ. ನನಗೆ ಹೆದರಿಕೆಯಾಗಲಿಲ್ಲ. ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು.

ಹಕ್... ಹಕ್...

ಬಾಗಿಲ ಸಂದಿಯ ಅದೇ ಸದ್ದು. ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

“ಬೈರಾ.”

ಎಲ್ಲೂ ತುಂಡಾಗಲಿಲ್ಲ. ಬೈಯುವವರ ಧ್ವನಿ.

ಚಿಕ್ಕಪ್ಪ ಎದ್ದು ಓಡಿ ಎರಡೂ ಕೈಯಿಂದ ಬಾಗಿಲು ಬಡಿದ. “ತಗೀರಿ... ಬಾಗ್ಲು ತಗೀರಿ...” ಅನ್ನುತ್ತಿದ್ದ. ಬಾಗಿಲು ತೆಗೆಯದೆ ಮಲಗಿದ್ದವನ ಬಾಯಲ್ಲಿ ಆ ಮಾತು. ಒಳಗಿನವರು ತೆಗೆದಾಗ ಚೀಟಿಯನ್ನು ಅವರ ಕೈಗೆ ತುರುಕಿದ.

ಹೊಲಿಗೆ ಹಾಕುತ್ತಿದ್ದರು. ಇನ್ನೈದು ನಿಮಿಷಕ್ಕೆ, ಅರೆ ಎಚ್ಚರದಲ್ಲೇ ಟ್ಯೂಬ್ ತೆಗೆಯುವವರಿದ್ದರು. ಚೀಟಿ ಓದಿದ ಮೇಲೆ ಅವಳು ಕಣ್ಣು ಬಿಟ್ಟು, ತಲೆ ಎತ್ತಿ, ಹೇಳಿದಾಗ ಕೈ ಹಿಡಿದು ಅದುಮುವ ತನಕ ಕಾದರು. ಆಗ ತೆಗೆದರು. ಉಸಿರು ಕಟ್ಟಲಿಲ್ಲ.

ಅರಿವಳಿಕೆ ಡಾಕ್ಟರು ಹೊರಗೆ ಬಂದರು.

“ಈ ಚೀಟಿ ಎಲ್ಲಿತ್ತು?”

ಚಿಕ್ಕಪ್ಪ ಜೇಬು ಮುಟ್ಟಿ ತೋರಿಸಿದ. ಡಾಕ್ಟರು ಚೀಟಿಯನ್ನು ಫೈಲಿಗೆ ಸೇರಿಸಿದರು.

“ಒಳಗೆ ಕೂಗಿದ್ದು ಯಾರು ಸಾರ್?” ಅಂದೆ ನಾನು.

“ಯಾರೂ ಕೂಗಲಿಲ್ಲ. ಗಂಟಲಲ್ಲಿ ಟ್ಯೂಬ್ ಇರುವಾಗ ಪೇಷಂಟಿಗೆ ಧ್ವನಿ ಹೊರಡುವುದಿಲ್ಲ.”

ಗೊತ್ತು. ನಾನು ಬಿ.ಎಸ್ಸಿ. ಓದಿದವನು. ಗಾಳಿ ಧ್ವನಿತಂತು ಮುಟ್ಟದೆ ಟ್ಯೂಬಿನಲ್ಲೇ ಹೋಗುತ್ತದೆ. ಆದರೆ ಬಿಲ್ ಕೊಡುವಾಗ ಚೈತ್ರಾ ಕೇಳಿದಳು: “ಬೈರ ಅಂದ್ರೆ ಯಾರ್ರೀ? ಒಳಗಡೆಯಿಂದ ಒಂದೇ ಸಮ ಕರೀತಿದ್ರಲ್ಲ?”

ಹದಿನೈದು ದಿನದ ಮೇಲೆ ಮರಳವಾಡಿಯವರು ಬಂದರು. ಭಾನು ಎದುರಿಗೆ ನಿಂತು “ಬ್ಯಾ...” ಅಂದಳು. ನಿಂತಿತು. ನಾನು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದು ತಾನೇ ಮುಗಿಸಿದಳು. “...ಡ.”

ಚಿಕ್ಕಪ್ಪ ಈಗ ರಾತ್ರಿ ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಅದರಿಂದ ಯಾರಿಗೂ ಉಪಯೋಗವಿಲ್ಲ. ನಾನು ಅವನೊಂದಿಗೆ ಮಾತು ಬಿಟ್ಟಿದ್ದೇನೆ.

ಭ್ರಮೆ ಅನ್ನುವವರ ಜೊತೆ ವಾದ ಮಾಡುವುದಿಲ್ಲ. ನಡೆದದ್ದು ನಡೆದಿದೆ. ಎರಡು ಸಲವೂ ಅಲ್ಲಿದ್ದು ಎಣಿಸಿದವನು ನಾನು. 2004ರಲ್ಲಿ ಎರಡು. 2023ರಲ್ಲಿ ಮೂರು.