ನಡುಗಡ್ಡೆಯಲ್ಲಿ ಎದ್ದ ಗಾಳಿ

ಕುಂದಲಹಳ್ಳಿಯ ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾಯುತ್ತಿದ್ದ ಪಿಳ್ಳಮ್ಮನ ಪಕ್ಕಕ್ಕೆ, ಕೈಗೆ ಪ್ಲಾಸ್ಟರ್ ಹಾಕಿದ್ದವನೊಬ್ಬ ಬಂದು ಕೂತ. ಜೊತೆಗಿದ್ದ ಹೆಂಗಸು ಕೂರಲಿಲ್ಲ.

“ಅಮರೇಶಣ್ಣ, ಪೊಲೀಸರ ಹತ್ರ ಹೇಳಿದ್ದು ಬೇಡ. ನಮ್ಮನೆಯವರು ಹೇಗೆ ಹೋದರು, ಅದನ್ನ ಹೇಳಿ.”

“ಹಿನ್ನೀರಿನ ನಡುಗಡ್ಡೇಲಿ ಟೆಂಟ್ ಹಾಕಿದ್ವಿ, ಶೀತಲ್. ಸಂಜೆ ಇದ್ದಕ್ಕಿದ್ದಂಗೆ ಗಾಳಿ ಎದ್ದು ಮರ ಮುರಿದು ಬೀಳೋಕೆ ಶುರುವಾಯ್ತು. ಕೊಂಬೆ ಬಿದ್ದು ನನ್ನ ಕೈ ಮುರೀತು. ಅವನೇ ನನ್ನನ್ನ ಬಂಡೆ ಮರೆಗೆ ಎಳ್ಕೊಂಡು ಹೋದ.”

“ಮತ್ತೆ ನೀರಿಗೆ ಯಾಕೆ ಇಳಿದರು?”

“ಗಾಳಿಗೆ ನಮ್ಮ ದೋಣಿ ಕೊಚ್ಕೊಂಡು ಹೋಗ್ತಿತ್ತು. ಹಿಡಿಯೋ ಅಂತ ನಾನೇ ಕೂಗಿದೆ. ಇಳಿದವನು ಮತ್ತೆ ಮೇಲೆ ಬರ್ಲಿಲ್ಲ.”

“ಲೈಫ್ ಜಾಕೆಟ್?”

“ಟೆಂಟಲ್ಲಿತ್ತು.”

ಪಿಳ್ಳಮ್ಮನಿಗೆ ಎದ್ದು ಹೋಗಬೇಕೆನಿಸಿತು. ಆದರೆ ಶೀತಲ್ ಎದುರಿಗೇ ನಿಂತಿದ್ದಳು.

“ಗಾಳಿ ಎಷ್ಟು ಹೊತ್ತಿತ್ತು?”

“ಇಪ್ಪತ್ತು ನಿಮಿಷ. ಬೆಳಿಗ್ಗೆ ಮೀನುಗಾರರು ಅವರಾಗೇ ಬಂದ್ರು. ದೋಣಿ ಬೇಕೇ ಇರ್ಲಿಲ್ಲ.”

ಅಷ್ಟರಲ್ಲಿ ನರ್ಸ್ ಅವನ ಹೆಸರು ಕರೆದಳು. ಅವನು ಏಳಲಿಲ್ಲ. ಶೀತಲ್ ಅವನ ಇನ್ನೊಂದು ತೋಳು ಹಿಡಿದು ಎಬ್ಬಿಸಿದಳು.

“ಕೈ ತೋರಿಸ್ಕೊಳ್ಳಿ. ಆಮೇಲೆ ಮನೆಗೆ ಹೋಗೋಣ. ಇದನ್ನ ಅತ್ತೆಗೂ ನೀವೇ ಹೇಳಬೇಕು.”

ಪಿಳ್ಳಮ್ಮ ಸರಿದು ಅವರಿಬ್ಬರಿಗೂ ದಾರಿ ಬಿಟ್ಟಳು.