ಹೊಳೆ ನಿಲ್ಲುವ ಗಳಿಗೆ

"ಹೊಳೆ ಎಲ್ಲಾದ್ರೂ ಹಿಂದಕ್ಕೆ ಹರಿಯುತ್ತಾ?" ದೋಣಿಕಟ್ಟೆಯ ಸಾಲಿನಲ್ಲಿ ಯಾರೋ ತಮ್ಮಷ್ಟಕ್ಕೇ ಕೇಳಿಕೊಂಡರು. ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ಹೊಳೆಗೆ ಮನಸ್ಸಿನಲ್ಲೇ ಕೈಮುಗಿದಳು. ಉಬ್ಬರದಲ್ಲಿ ಉಕ್ಕಿದ ಕಡಲು ಹೊಳೆಯನ್ನು ಹಿಂದಕ್ಕೆ ತಳ್ಳಿ ತವರಿಗೆ ಕಳಿಸಲು ಹೊರಟಂತಿತ್ತು. ಪಕ್ಕದಲ್ಲೇ ಹಾಯಿದೋಣಿಯ ಒಡತಿಯೂ ಅವಳ ಅಣ್ಣನೂ ಮಾತಾಡುತ್ತಿದ್ದರು.

"ಉಬ್ಬರ ಮುಗಿದು ನೀರು ನಿಂತಾಗ ನೀನು ಹಾಯಿ ಇಳಿಸಿ ಎಲ್ಲರನ್ನೂ ಸುಮ್ನೆ ಕೂರಿಸ್ತೀಯ. ಜನಕ್ಕೆ ಬೇಜಾರಾಗಲ್ವೇನೇ?"

"ನಿನ್ನೆ ಸೊಸೆಗೆ ಬಯ್ತಾನೇ ದೋಣಿ ಹತ್ತಿದ ಅತ್ತೆಯೊಬ್ರು, ಆ ಗಳಿಗೇಲಿ ಅವಳ ಕೈ ಹಿಡ್ಕೊಂಡು ಕೂತ್ಬಿಟ್ರು ಅಣ್ಣಾ."

"ಮೋಟಾರು ದೋಣಿಯವರು ಹಾಡು ಹಾಕ್ತಾರೆ. ಅರ್ಧ ಗಿರಾಕಿಗಳು ಅಲ್ಲಿಗೇ ಹೋದ್ರು. ಹೀಗೇ ಆದ್ರೆ ದೋಣಿ ಮಾರ್ಬೇಕಾಗುತ್ತೆ."

"ಗೊತ್ತು."

"ಅದೊಂದು ಗಳಿಗೆ ಸ್ಪೀಕರ್ ಹಾಕೋಣ, ಸಣ್ಣದಾಗಿ."

ಒಡತಿ ಹಗ್ಗ ಬಿಚ್ಚಿ ದೋಣಿಗೆ ಕಾಲಿಟ್ಟಳು.

"ದೋಣಿ ಬೇಕಾದ್ರೆ ಮಾರಣ್ಣ. ಹೊಳೆ ನಿಂತಾಗ ಸ್ಪೀಕರ್ ಹಾಕೋಕೆ ನಾನು ಬಿಡಲ್ಲ."