ಐದನೇ ಆಯ್ಕೆಯ ಚೀಟಿ

ಅದೇ ಕಣೋ... ಮುಲ್... ಮುಲ್ಲಾ... ಅಯ್ಯೋ, ನಾಲಿಗೆ ತುದೀಲೇ ಇದೆ, ಬರ್ತಿಲ್ಲ! ನಮ್ಮಮ್ಮ ಮಿಸಿಸಿಪ್ಪಿಲಿ ಯಾರ ಮಂಡಿ ಊದಿದ್ರೂ ವಿನೆಗರ್‌ನಲ್ಲಿ ಅದ್ದಿ ಕಟ್ಟೋಳಲ್ಲ, ಆ ಎಲೆ. ದೊಡ್ಡದು, ಕರುವಿನ ಕಿವಿ ಥರ ಮೆತ್ತಗೆ, ಮೈತುಂಬ ನವಿರು ರೋಮ... ಹೋಗ್ಲಿ ಬಿಡು. ನಾನು ಹೇಳೋದಿಷ್ಟೇ, ಆ ಹುಡುಗನ ಎಡಗಾಲಿಗೆ ಅಂಥ ಎಲೆ ಬೇಕಾಗಿದೆ. ಯಾವ ಹುಡುಗ ಅಂದ್ರೆ? ಟ್ರೆಮೇನ್ ಓಕ್ಲಿ! ಬೆಳಗಿಂದ ನೀನು ಜಪ ಮಾಡ್ತಿದೀಯಲ್ಲ, ಅವನೇ!

ನಗು, ನಗು. ಎಂಬತ್ತು ದಾಟಿದ ಮುದುಕಿಗೆ ಬ್ಯಾಸ್ಕೆಟ್‌ಬಾಲ್ ಏನು ಗೊತ್ತು ಅಂತ ತಾನೆ? ಲೋ ರೋಲಾಂಡ್, ಹೋದ ವರ್ಷ ಕ್ರಿಸ್‌ಮಸ್‌ವರೆಗೂ ಈ ಮನೇಲಿ ಪಾತ್ರೆ ತೊಳೆದೋರು ಯಾರು? ನೀನು. ಅದರ ಹಿಂದಿನ ವರ್ಷ? ನೀನೇ. ನಿಮ್ಮಪ್ಪ ಮಾಡಿಟ್ಟ ಕಟ್ಟಳೆ ಇದು: ದೊಡ್ಡ ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರಿಸೋ ಡ್ರಾಫ್ಟ್ ಶುರುವಾಗೋದ್ರೊಳಗೆ ಮನೇಲಿ ಎಲ್ಲರೂ ಚೀಟಿ ಬರೆದು ಕಾಫಿಪುಡಿ ಡಬ್ಬಿಗೆ ಹಾಕ್ಬೇಕು, ನಮ್ಮ ತಂಡ ಯಾವ ಕಾಲೇಜು ಹುಡುಗನ್ನ ಆರಿಸ್ಕೊಳ್ಳುತ್ತೆ ಅಂತ. ಸೋತೋರು ಪಾತ್ರೆ ತೊಳೀಬೇಕು. ಇವತ್ತು ನಮ್ಮದು ಐದನೇ ಸರದಿ. ಏಳು ಗಂಟೆಗೆ ಶುರು. ಗಂಟೆ ಎಷ್ಟಾಯ್ತು? ನಾಲ್ಕೂವರೆ. ಇನ್ನೂ ಹೊತ್ತಿದೆ, ಬುದ್ಧಿ ಬರೋದಿದ್ರೆ ಬರ್ಲಿ ನಿಂಗೆ.

ಏನಂದೆ? ಒಂದಾಟಕ್ಕೆ ಇಪ್ಪತ್ತೆರಡು ಅಂಕ ಹೊಡೀತಾನಾ? ಹೊಡೀಲಿ! ಎಲ್ಲಾ ಗಂಡಸರೂ ಒಂದೇ, ಕೈ ನೋಡ್ತೀರಿ. ಚೆಂಡು ಹ್ಯಾಗೆ ಬಿಟ್ಟ, ಹ್ಯಾಗೆ ಬಿತ್ತು... ನಾನು ಕಾಲು ನೋಡ್ತೀನಿ. ಮೊನ್ನೆ ಟೀವೀಲಿ ಅವನು ವೇದಿಕೆಯಿಂದ ಇಳೀತಿದ್ದನಲ್ಲ, ನೋಡಿದ್ಯಾ? ಮೂರೇ ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಎಡಗಾಲೇ ಮೊದಲು. ಬಲಗಾಲು ಮೇಲಿನ ಮೆಟ್ಟಿಲಲ್ಲೇ ನಿಂತು ಮೈಭಾರ ಹೊರ್ತಿತ್ತು. ನಗ್ತಾ ಇಳಿದ, ಪಾಪ, ಕೈ ಬೀಸ್ತಾ... ಹಲ್ಲು ಕಚ್ಚಿದ್ದು ಕಾಣ್ತಿತ್ತು ನಂಗೆ.

ನಾನು ಮಿನೆಸೊಟಾದ ಆ ಉದ್ದನೆ ಹುಡುಗನ್ನೇ ಬರೆಸೋದು. ಹಲ್ವರ್ಸನ್. ಹೌದು, ಗಳು ಥರ ಇದಾನೆ. ಹೌದು, ಓಡಿದ್ರೆ ಏಣಿ ಹೊತ್ಕೊಂಡು ಹೋದಂಗಿರುತ್ತೆ! ಆದ್ರೆ ಏಣಿಗೆ ಮಂಡಿನೋವಿಲ್ಲ ಕಣೋ.

ಡಾಕ್ಟರು ನೋಡಿದಾರೆ ಅಂತೀಯಾ... ನೋಡ್ತಾರಪ್ಪ. ನೋಡೋ ಹೊತ್ತಿಗೆ ಊತ ಇರಬೇಕಲ್ಲ! ಒಂದಿನ ಮೊದಲು ಐಸು ಇಟ್ಟು, ಎತ್ತರಕ್ಕೆ ಕಾಲು ಹಾಕಿ ಮಲಗಿಸಿ, ಬಿಗಿಯಾಗಿ ಕಟ್ಟಿದ್ರೆ... ಮನೇಲಿ ಒಬ್ಬರು ಗಟ್ಟಿ ಮನಸ್ಸು ಮಾಡಿದ್ರೆ ಸಾಕು. ಆ ಹುಡುಗನಿಗೂ ತಾಯಿ ಇದಾಳಲ್ಲ? ಪಕ್ಕದಲ್ಲೇ ಕೂತಿದ್ಲು, ಹಳದಿ ಟೋಪಿ ಹಾಕ್ಕೊಂಡು. ಅವಳ ಕಣ್ಣೂ ಕಾಲ ಮೇಲೇ ಇತ್ತು.

ಯಾಕೋ ಎದ್ದೆ? ಕೂತ್ಕೋ. ಫೋನಾ? ಬಿಡು, ನಿಂತೋಯ್ತು... ಯಾರು ಅಂತ ನಂಗೊತ್ತು. ಬೆಳಿಗ್ಗೇನೂ ಮಾಡಿದ್ರು. ವರ್ಷ ವರ್ಷ ಇದೇ ದಿನ ಮಾಡ್ತಾರಲ್ಲ, ಇನ್ಯಾರು? ನಿನ್ನ ಹೈಸ್ಕೂಲ್ ಕೋಚು. ಡಾಬ್ನಿ. ಮುಖ ಯಾಕೆ ಹಂಗೆ ಮಾಡ್ತೀಯಾ? ‘ಈ ಸಲ ನಮ್ಮ ತಂಡಕ್ಕೆ ಯಾರು ಅಂತ ರೋಲಾಂಡ್‌ನ ಕೇಳಿ, ನಂದು ಇಂಥೋನು’ ಅಂತ ಹೇಳಿ ಇಟ್ಬಿಡ್ತಾರೆ. ನೀನು ಒಂದ್ಸಲಾನೂ ಎತ್ತಿಲ್ಲ. ಈ ಸಲ ಹುಡುಗನ ಹೆಸರು ಹೇಳ್ಲಿಲ್ಲ. ವೃದ್ಧಾಶ್ರಮದಲ್ಲಿದಾರಂತೆ. ಶ್ವಾಸ ಎಳೀತಾ ಎಳೀತಾ... ‘ಒಂದ್ಸಲ ಬಂದು ಹೋಗ್ಲಿ, ನಾನೇನು ತಪ್ಪು ಮಾಡ್ದೆ ಅಂತ ಹೇಳಿ ಹೋಗ್ಲಿ’ ಅಂದ್ರು.

ಆಯ್ತು, ಆಯ್ತು! ಕೂಗ್ಬೇಡ. ಒಳಗೆ ಇಮಾನಿ ಇದಾಳೆ, ಅಪ್ಪ ಕೂಗಿದ್ರೆ ಹೆದರ್ತಾಳೆ ಮಗು. ಗೊತ್ತು ಕಣೋ, ನಿನ್ನ ಮಂಡಿ ನೋವು ಗೊತ್ತಿದ್ದೂ ಅವರು ನಿನ್ನ ಆಡ್ಸಿದ್ರು. ಫೈನಲ್ ಗೆಲ್ಲೋಕೆ ಹದಿನೇಳರ ಹುಡುಗನ ಕಾಲು ಬಲಿ ಕೊಟ್ರು. ಮೂವತ್ತಾರು ವರ್ಷದಿಂದ ಅದನ್ನೇ ಹೇಳ್ತಿದೀಯಾ. ನಾನು ಇಲ್ಲ ಅಂದ್ನಾ? ಯಾವತ್ತಾದ್ರೂ ಇಲ್ಲ ಅಂದಿದೀನಾ?

...ಪೀಚ್ ಕಾಬ್ಲರ್ ತಿಂತೀಯಾ? ಬಿಸಿ ಇದೆ. ಬೇಡ್ವಾ.

ಸರಿ, ಓಕ್ಲಿ ವಿಷ್ಯಕ್ಕೇ ಬರೋಣ. ನೀನು ನಂಬಲ್ಲ ಅಲ್ವಾ, ಕಟ್ಟಿದ ಮಂಡಿ ಯಾರ ಕಣ್ಣಿಗೂ ಬೀಳಲ್ಲ ಅಂದ್ರೆ? ಎಲೆನ ವಿನೆಗರ್‌ನಲ್ಲಿ ಕುದಿಸಿ, ಪದರ ಪದರ ಇಟ್ಟು, ಮೇಲೆ ಕಂದು ಕಾಗದ, ಅದರ ಮೇಲೆ ಹಳೇ ಹಾಸಿಗೆಬಟ್ಟೆ ಹರಿದು... ಹಾ! ಬಂತು! ಮುಲಿನ್! ಮುಲಿನ್ ಎಲೆ! ನೋಡಿದ್ಯಾ, ಮುದುಕಿ ತಲೆ ಇನ್ನೂ ಓಡುತ್ತೆ! ಮೂರು ರಾತ್ರಿ ಕಟ್ಟಿದ್ರೆ ಸಾಕು, ಎಂಥೋರಿಗೂ ಪತ್ತೆ ಆಗಲ್ಲ. ಹದ್ದಿನ ಕಣ್ಣು ಅಂತಿದ್ರಲ್ಲ, ಆ ಡಾಬ್ನಿಯಂಥ ಡಾಬ್ನಿಗೇ ಗೊತ್ತಾಗ್ಲಿಲ್ಲ...

...

ಏನು? ಹಂಗ್ಯಾಕೆ ನೋಡ್ತೀಯಾ?

ನಾನೇನಂದೆ? ಬಾಯಿತಪ್ಪಿ... ಯಾವುದೋ ಮಾತಿಗೆ... ಬಿಸಿಲು ಜಾಸ್ತಿ ಕಣೋ ಇವತ್ತು.

ರೋಲಾಂಡ್. ಮಂಡಿ ಮೇಲಿಂದ ಕೈ ತೆಗಿ, ಹಂಗೆ ಹಿಡ್ಕೊಂಡು ಕೂರ್ಬೇಡ, ನೋಡಕ್ಕಾಗಲ್ಲ ನಂಗೆ.

‘ಅಮ್ಮಾ, ನೀನೇ ಕೋಚ್‌ಗೆ ಹೇಳು, ನಂಗೆ ಬಾಯಿ ಬರಲ್ಲ’ ಅಂದಿದ್ದೆ ನೀನು. ಅಡಿಗೆಮನೇಲಿ ಕೂತು ಅಳ್ತಿದ್ದೆ. ನಾನು ಹೋದೆ ಕಣೋ. ನಿಜವಾಗ್ಲೂ ಹೋದೆ. ಅವರ ಮನೆ ಬಾಗಿಲವರೆಗೂ ಹೋದೆ. ಅವರೇ ಕೇಳಿದ್ರು, ‘ಹುಡುಗ ಯಾಕೋ ಸಪ್ಪಗಿದಾನೆ, ಮೈಯಲ್ಲಿ ಏನಾದ್ರೂ ತೊಂದ್ರೆ ಇದ್ರೆ ಹೇಳಿಬಿಡಿ, ಶುಕ್ರವಾರದ ಫೈನಲ್‌ಗೆ ಆಡ್ಸಲ್ಲ, ಹೊರಗೆ ಕೂರಿಸ್ತೀನಿ’ ಅಂತ. ಶುಕ್ರವಾರ! ದೊಡ್ಡ ಕಾಲೇಜಿಂದ ಇಬ್ಬರು ನಿನ್ನ ನೋಡೋಕೆ ಬರೋರಿದ್ರು. ಅವರಿಗೆ ಹಿಡಿಸಿದ್ರೆ ನಿನ್ನ ಓದು, ಊಟ, ವಸತಿ ಖರ್ಚೆಲ್ಲಾ ಅವರದ್ದೇ ಆಗ್ತಿತ್ತು. ನಾನು ಆಸ್ಪತ್ರೆ ಬಟ್ಟೆ ಒಗೀತಿದ್ದೋಳು... ಒಂದೇ ಒಂದು ಆಟ ಅಂದ್ಕೊಂಡೆ. ಒಂದಾಟ ದಾಟಿದ್ರೆ ಮಗ ದಾಟ್ದ ಅಂದ್ಕೊಂಡೆ.

ಮನೆಗೆ ಬಂದು ನಿಂಗೆ ಏನು ಹೇಳ್ದೆ ಅಂತ ನಿಂಗೇ ಗೊತ್ತು. ‘ಹೇಳ್ದೆ ಮಗಾ, ಆದ್ರೂ ಆಡ್ಲೇಬೇಕಂತೆ.’

ಬೈಯೋ ನನ್ನ. ಕಾಲೇಜು ಕೈತಪ್ಪಿ ಬಸ್ ಓಡಿಸೋಕೆ ಸೇರಿದ್ಯಲ್ಲ, ಆ ಡ್ರೈವರ್ ಸೀಟಲ್ಲಿ ಮಂಡಿ ನೀವ್ಕೋತಾ ಅವರನ್ನ ಬೈದ ಹಾಗೆ ಬೈಯೋ. ಎದ್ದು ಹೋಗು ಬೇಕಾದ್ರೆ.

ಇಮಾನಿ! ಇಮಾನೀ, ಬಾರಮ್ಮ ಇಲ್ಲಿ. ಡಬ್ಬಿ ಆಮೇಲೆ ತರುವಂತೆ, ನನ್ನ ಚೀಟಿ ತಗೊಂಬಾ. ಪೆನ್ನೂ ತಾ. ನೀನೇ ಬರಿ. ಇಲ್ಲ ಪುಟ್ಟಿ, ಹಲ್ವರ್ಸನ್ ಅಲ್ಲ. ಓಕ್ಲಿನೂ ಅಲ್ಲ. ನಿಮ್ಮಪ್ಪನ ಮುಖ ನೋಡ್ಬೇಡ, ಕಾಗದ ನೋಡು. ನಾನು ಹೇಳ್ದಂಗೆ ಬರಿ. ‘ಡಾಬ್ನಿ ಅವರೇ, ನೀವು ಕೇಳಿದ್ರಿ. ನಾನು ಹೇಳ್ಲಿಲ್ಲ.’ ಬರ್ದ್ಯಾ? ಕೆಳಗೆ ನನ್ನ ಹೆಸರು ಬರಿ, ಪೂರ್ತಿ ಹೆಸರು.